ಕುಕ್ಕುಟಸರ್ಪ: ಜೈನಪುರಾಣಗಳ ಡ್ರ್ಯಾಗನ್

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯಲ್ಲಿ ಡ್ರ್ಯಾಗನ್ನನ್ನು ನೋಡಬಯಸುವವರು ಮುಂಡಗೋಡಕ್ಕೆ ಹೋಗಬೇಕು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ಅಲ್ಲಿಯ ಕಾಡಂಚಿನ ನೆಲದಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಲ್ಹಾಸಾದ ಆಸುಪಾಸಿನಲ್ಲಿದ್ದ ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಮುಂದೆ ಅಲ್ಲಿಯೇ ಮರುಹುಟ್ಟು ಪಡೆದವು. ಟಿಬೆಟನ್ನರ ಅಲಂಕಾರಕಲೆಯಲ್ಲಿ ಡ್ರ್ಯಾಗನ್ ಮನೆಯ ಮಗುವಿನಷ್ಟು ಪರಿಚಿತ. ಕಂಬದ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ನೆಲಹಾಸಿನಲ್ಲಿ, ಚಹದ ಬಟ್ಟಲಿನ ಸುತ್ತ ಅದು ಮೋಡಗಳ ನಡುವೆ ಹೊರಳುತ್ತದೆ, ಉಗುರುಗಳಲ್ಲಿ ಮಣಿಯೊಂದನ್ನು ಹಿಡಿದಿರುತ್ತದೆ. ಹಳಿಯಾಳ, ದಾಂಡೇಲಿ, ಜೋಯಿಡಾಗಳಿಂದ ಈ ವಿಹಾರಗಳನ್ನು ನೋಡಲು ಬರುವ ತರುಣರಿಗೆ ಆ ರೂಪ ಹೊಸದೇನಲ್ಲ. ಟೋಲ್ಕಿನ್ನನ ಸ್ಮಾಗ್, ಹ್ಯಾರಿ ಪಾಟರ್ ಪುಸ್ತಕಮಾಲೆ, 2011ರಿಂದ 2019ರವರೆಗೆ ಜಗತ್ತೆಲ್ಲ ನೋಡಿದ 'ಗೇಮ್ ಆಫ್ ಥ್ರೋನ್ಸ್' ಇವುಗಳ ಮೂಲಕ ಡ್ರ್ಯಾಗನ್ ಅವರ ಕಲ್ಪನಾಲೋಕದ ಪ್ರಜೆಯಾಗಿ ಬಹಳ ಕಾಲವಾಯಿತು. ಈ ಪ್ರಾಣಿಗೆ ಕನ್ನಡದಲ್ಲಿ ಹೆಸರೇನು ಎಂದು ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ. ಹೆಸರಿಲ್ಲವೆಂದ ಮೇಲೆ ಅಂಥದೊಂದು ಕಲ್ಪನೆಯೂ ನಮ್ಮಲ್ಲಿರಲಿಲ್ಲವೆಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನ ತಪ್ಪು. ಮುಂಡಗೋಡದಿಂದ ಪೂರ್ವಕ್ಕೆ 30 ಕಿಲೋಮೀಟರಿನಷ್ಟು ದೂರದಲ್ಲಿರುವ ಬಂಕಾಪುರದಲ್ಲಿ, ಟಿಬೆಟನ್ನರು ಬರುವುದಕ್ಕೆ ಸಾವಿರ ವರ್ಷಗಳಿಗೂ ಹಿಂದೆಯೇ, ಡ್ರ್ಯಾಗನ್ನಿಗೆ ಸರಿಸಾಟಿಯಾದ ಜೀವಿಯೊಂದನ್ನು ಒಳಗೊಂಡ ಮಹಾಗ್ರಂಥಕ್ಕೆ ಪೂಜೆ ಸಂದಿತ್ತು.

ಮೊದಲು ಹೆಸರಿನ ಪ್ರಶ್ನೆ. ಕನ್ನಡ ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಬರುವ ಡ್ರ್ಯಾಗನ್ನಿಗೆ 'ಘಟಸರ್ಪ' ಎಂಬ ಪದವನ್ನು ಬಳಸಿದ್ದಾರೆ. ನಿಘಂಟುಗಳೂ ಮಕ್ಕಳ ಕಥೆಗಳೂ ಅದನ್ನು ಅಲ್ಲಲ್ಲಿ ಎತ್ತಿಕೊಂಡಿವೆ. ಆದರೆ ಘಟಸರ್ಪವೆಂದರೆ ಗಡಿಗೆಯೊಳಗಿನ ಹಾವು. ಸತ್ಯಪರೀಕ್ಷೆಗೆ ನಿಂತವರು ಹಾವಿರುವ ಗಡಿಗೆಯಲ್ಲಿ ಕೈಯಿಡುವ ದಿವ್ಯಕ್ಕೆ ಸಂಬಂಧಿಸಿದ ಮಾತು ಅದು. ರೆಕ್ಕೆ, ಬೆಂಕಿ, ನಿಧಿ ಯಾವುದೂ ಅದರಲ್ಲಿಲ್ಲ. ಮರಾಠಿ ಬಳಕೆಯಿರುವ ಹಳಿಯಾಳ, ಜೋಯಿಡಾ ಕಡೆಯಲ್ಲಂತೂ ಇನ್ನೊಂದು ತೊಡಕಿದೆ: ಮರಾಠಿಯಲ್ಲಿ ಘಟಸರ್ಪವೆಂದರೆ ಮಕ್ಕಳ ಗಂಟಲನ್ನು ಕಟ್ಟುವ ಡಿಫ್ತೀರಿಯಾ ರೋಗ. ಅನುವಾದಕರನ್ನು ದೂರುವಂತಿಲ್ಲ. ಪರಭಾಷೆಯ ಒಂದು ಭಯಕ್ಕೆ ತಮ್ಮ ಭಾಷೆಯ ಇನ್ನೊಂದು ಭಯವನ್ನು ಅವರು ಜೋಡಿಸಿದರು, ಅಷ್ಟೆ.

ಇದೇ ತೊಡಕನ್ನು ಬೌದ್ಧ ಅನುವಾದಕರು ಬಹಳ ಹಿಂದೆಯೇ ಎದುರಿಸಿದ್ದರು. ಅವರು ಕಂಡುಕೊಂಡ ಎರಡು ಬೇರೆಬೇರೆ ಪರಿಹಾರಗಳು ಗಮನಾರ್ಹ. ಸಂಸ್ಕೃತದ 'ನಾಗ' ಶಬ್ದವನ್ನು ಚೀನೀಯರು ತಮ್ಮ 'ಲುಂಗ್' ಎಂಬ ಶಬ್ದದಿಂದಲೇ ಅನುವಾದಿಸಿದರು. ಲುಂಗ್ ಎಂದರೆ ಡ್ರ್ಯಾಗನ್. ಹೀಗಾಗಿ ನಾಗರಾಜನು ಅಲ್ಲಿ ಡ್ರ್ಯಾಗನ್ ರಾಜನಾದ, ಆಚಾರ್ಯ ನಾಗಾರ್ಜುನನ ಹೆಸರಿನೊಳಕ್ಕೂ ಡ್ರ್ಯಾಗನ್ ಬಂದು ಸೇರಿತು. ಟಿಬೆಟಿನವರು ಹಾಗೆ ಮಾಡಲಿಲ್ಲ. 9ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಸಿದ್ಧವಾದ 'ಮಹಾವ್ಯುತ್ಪತ್ತಿ' ಎಂಬ ಸಂಸ್ಕೃತ-ಟಿಬೆಟನ್ ಶಬ್ದಕೋಶದಲ್ಲಿ ನಾಗನಿಗೆ 'ಲು' ಎಂಬ ಪ್ರತ್ಯೇಕ ಶಬ್ದವಿದೆ. ನೀರಿನಲ್ಲಿ, ಒರತೆಯಲ್ಲಿ, ನೆಲದಡಿಯಲ್ಲಿ ಇರುವ ಶಕ್ತಿ ಅದು. ಡ್ರ್ಯಾಗನ್ನಿಗೆ 'ಡ್ರುಕ್' ಎಂಬ ಬೇರೆಯೇ ಶಬ್ದವುಂಟು. ಡ್ರುಕ್ ಎಂದರೆ ಗುಡುಗು ಕೂಡ. ಭೂತಾನಿಗೆ ಅದರ ಜನರು ಕೊಟ್ಟ ಹೆಸರು ಡ್ರುಕ್ ಯುಲ್, ಡ್ರ್ಯಾಗನ್ನಿನ ನಾಡು. ಟಿಬೆಟನ್ನರ ಹನ್ನೆರಡು ವರ್ಷಗಳ ಚಕ್ರದಲ್ಲಿ ಡ್ರ್ಯಾಗನ್ ವರ್ಷದ ಬೆನ್ನಿಗೇ ಹಾವಿನ ವರ್ಷ ಬರುತ್ತದೆ; ಎರಡನ್ನೂ ಅವರು ಎಂದೂ ಒಂದಾಗಿಸಲಿಲ್ಲ. ಮುಂಡಗೋಡದ ವಿಹಾರಗಳಲ್ಲಿ ಮಾಧ್ಯಮಿಕ ದರ್ಶನವನ್ನು ಓದುವ ಭಿಕ್ಷುಗಳು ನಾಗಾರ್ಜುನನನ್ನು ಇಂದಿಗೂ 'ಲುಡ್ರುಬ್' ಎಂದೇ ಕರೆಯುತ್ತಾರೆ. ಕಂಬದ ಮೇಲಿರುವುದು ಡ್ರುಕ್, ಪಾಠದಲ್ಲಿರುವುದು ಲು.

ಈ ವಿವೇಚನೆ ಬನವಾಸಿ ನಾಡಿಗೆ ಒಪ್ಪುವಂಥದು. ಮುಂಡಗೋಡಕ್ಕೆ ದೂರವಲ್ಲದ ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಗಳ ನಾಗಶಿಲೆಯೊಂದಿದೆ. ಅದರ ಮೇಲಿನ ಪ್ರಾಕೃತ ಶಾಸನವು ಚುಟುಕುಲದ ರಾಜಪುತ್ರಿಯೊಬ್ಬಳು ನಾಗಪ್ರತಿಮೆಯನ್ನೂ ಕೆರೆಯನ್ನೂ ವಿಹಾರವನ್ನೂ ದಾನವಾಗಿ ಮಾಡಿಸಿದುದನ್ನು ಹೇಳುತ್ತದೆ. ಕಡೆದ ಶಿಲ್ಪಿಯ ಹೆಸರು ನಟಕ. ನಾಗ, ನೀರು, ವಿಹಾರ ಮೂರೂ ಒಂದೇ ದಾನದಲ್ಲಿ ಸೇರಿವೆ. ಇಲ್ಲಿಯ ನಾಗನು ಕೊಲ್ಲಬೇಕಾದ ಶತ್ರುವಲ್ಲ, ಕೆರೆಯನ್ನು ಕಾಯುವವನು. ಆದ್ದರಿಂದ ಯೂರೋಪಿನ ಡ್ರ್ಯಾಗನ್ನಿಗೆ ನಾಗನನ್ನು ಸರಿಗಟ್ಟುವುದು ಇಬ್ಬರಿಗೂ ಅನ್ಯಾಯ. ಸರಿಸಾಟಿಯನ್ನು ಬೇರೆ ಕಡೆ ಹುಡುಕಬೇಕು.

ಯೂರೋಪಿನ ಡ್ರ್ಯಾಗನ್ನಿನ ಸ್ವಭಾವವೇನು? ಗ್ರೀಕರ 'ದ್ರಾಕೋನ್' ಶಬ್ದವು ನೋಡುವುದು ಎಂಬರ್ಥದ ಕ್ರಿಯಾಧಾತುವಿನಿಂದ ಬಂದದ್ದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ; ಆ ಧಾತುವು ಸಂಸ್ಕೃತದ 'ದೃಶ್' ಧಾತುವಿನ ದಾಯಾದಿ. ರೆಪ್ಪೆ ಮುಚ್ಚದೆ ದಿಟ್ಟಿಸುವುದೇ ದ್ರಾಕೋನ್. ಜೈನ ಗ್ರಂಥಗಳಲ್ಲಿ ಬರುವ 'ದೃಷ್ಟಿವಿಷ' ಸರ್ಪವು ಥಟ್ಟನೆ ನೆನಪಾಗುವುದು ಇಲ್ಲಿಯೇ. ಅದರ ನೋಟವೇ ವಿಷ. ಶ್ವೇತಾಂಬರ ಪರಂಪರೆಯಲ್ಲಿ ಮಹಾವೀರನನ್ನು ಎದುರಿಸಿದ ಚಂಡಕೌಶಿಕನು ಅಂಥ ದೃಷ್ಟಿವಿಷ ಸರ್ಪ. ಹಿಂದಿನ ಭವದಲ್ಲಿ ಅವನು ಮುನಿಯಾಗಿದ್ದ, ಕೋಪದಿಂದ ಕೆಟ್ಟ, ಮತ್ತೆ ಕೋಪದಿಂದಲೇ ಕೆಟ್ಟು ಹಾವಾದ. ಹೇಮಚಂದ್ರನು 12ನೆಯ ಶತಮಾನದಲ್ಲಿ ಈ ಕಥೆಯನ್ನು ವಿಸ್ತರಿಸಿದ್ದಾನೆ. ಮಹಾವೀರನು ಆ ಹಾವನ್ನು ಕೊಲ್ಲುವುದಿಲ್ಲ, ಶಾಂತವಾಗೆಂದು ತಿಳಿಹೇಳುತ್ತಾನೆ. ಹಾವು ಹುತ್ತದೊಳಗೆ ತಲೆಯಿಟ್ಟು, ಇರುವೆಗಳು ಮೈಯನ್ನು ಕಡಿದು ತಿನ್ನುತ್ತಿದ್ದರೂ ಮಿಸುಕದೆ ಪ್ರಾಣ ಬಿಡುತ್ತದೆ.

ಮನುಷ್ಯನೇ ಸರ್ಪವಾಗುವುದು: ಡ್ರ್ಯಾಗನ್ನಿನ ಆಕರ್ಷಣೆಯ ಮೂಲ ಇಲ್ಲಿದೆ. ಬರಿಯ ದೊಡ್ಡ ಹಲ್ಲಿ ಇಷ್ಟು ಕಾಲ ಬಾಳುತ್ತಿರಲಿಲ್ಲ. ಐಸ್‌ಲ್ಯಾಂಡಿನ 13ನೆಯ ಶತಮಾನದ ವೋಲ್ಸುಂಗ ಕಥಾನಕದಲ್ಲಿ ಫಾಫ್ನಿರ್ ಎಂಬವನು ಹೊನ್ನಿಗಾಗಿ ಹೆತ್ತ ತಂದೆಯನ್ನೇ ಕೊಂದು, ಆ ಹೊನ್ನಿನ ಮೇಲೆ ಮಲಗಿ ಮಲಗಿ ಡ್ರ್ಯಾಗನ್ ಆಗುತ್ತಾನೆ. ಸಿಗುರ್ಡ್ ಅವನನ್ನು ಕೊಲ್ಲುತ್ತಾನೆ. ಹೊನ್ನಿನ ಶಾಪ ಮಾತ್ರ ಸಾಯದೆ ಮುಂದಿನ ಕೈಗೆ ಹೋಗುತ್ತದೆ. 1952ರಲ್ಲಿ ಬಂದ ಸಿ. ಎಸ್. ಲೂಯಿಸನ ನಾರ್ನಿಯಾ ಕಥೆಯಲ್ಲಿ ಯೂಸ್ಟೇಸ್ ಎಂಬ ಹುಡುಗ ಡ್ರ್ಯಾಗನ್ನಿನ ನಿಧಿಯ ಮೇಲೆ ದುರಾಸೆಯ ಯೋಚನೆಗಳೊಡನೆ ನಿದ್ದೆಹೋಗಿ, ಎದ್ದಾಗ ತಾನೇ ಡ್ರ್ಯಾಗನ್ ಆಗಿರುತ್ತಾನೆ. ಉರ್ಸುಲಾ ಲೆ ಗ್ವಿನ್ನಳ ಅರ್ಥ್‌ಸೀ ಕಾದಂಬರಿಗಳ ಕೊನೆಯ ಭಾಗದಲ್ಲಿ ಈ ವಿಚಾರವೇ ತಲೆಕೆಳಗಾಗಿ ನಿಲ್ಲುತ್ತದೆ. ಮನುಷ್ಯರೂ ಡ್ರ್ಯಾಗನ್ನುಗಳೂ ಮೊದಲು ಒಂದೇ ಕುಲದವರು. ಸ್ವಾತಂತ್ರ್ಯವನ್ನು ಆರಿಸಿಕೊಂಡವರು ಡ್ರ್ಯಾಗನ್ನುಗಳಾದರು, ಸ್ವತ್ತನ್ನು ಆರಿಸಿಕೊಂಡವರು ಮನುಷ್ಯರಾಗಿ ಉಳಿದರು. ಒಬ್ಬೊಬ್ಬ ಲೇಖಕರದು ಒಂದೊಂದು ದಾರಿ. ಆದರೂ ತಿರುಳು ಒಂದೇ: ಮನಸ್ಸಿನ ಒಂದು ವಿಕಾರ ಮೈ ಪಡೆದಾಗ ಅದಕ್ಕೆ ಬಾಲ, ಹೆಡೆ, ರೆಕ್ಕೆ ಮೂಡುತ್ತವೆ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಕಷಾಯವೇ ಕಾಯವಾಗುತ್ತದೆ.

ಈಗ ಬಂಕಾಪುರಕ್ಕೆ ಬರಬಹುದು. ರಾಷ್ಟ್ರಕೂಟರ ಕಾಲದಲ್ಲಿ ಅಮೋಘವರ್ಷ ನೃಪತುಂಗನ ಗುರುವೆನಿಸಿದ ಜಿನಸೇನಾಚಾರ್ಯನು 'ಮಹಾಪುರಾಣ'ವನ್ನು ಕೈಗೊಂಡು ಆದಿಪುರಾಣದ ಭಾಗವನ್ನು ಮುಗಿಸುವ ಮುನ್ನವೇ ತೀರಿಕೊಂಡ. ಶಿಷ್ಯ ಗುಣಭದ್ರನು ಅದನ್ನು ಪೂರೈಸಿ, ಉಳಿದ ತೀರ್ಥಂಕರರ ಚರಿತೆಯನ್ನು 'ಉತ್ತರಪುರಾಣ'ವೆಂದು ಬರೆದ. ಆ ಕೃತಿಯ ಪ್ರಶಸ್ತಿಭಾಗದಲ್ಲಿ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಅಕಾಲವರ್ಷನ ಸಾಮಂತನಾದ ಲೋಕಾದಿತ್ಯನು ಬಂಕಾಪುರದಿಂದ ವನವಾಸ ದೇಶವನ್ನು ಆಳುತ್ತಿದ್ದಾಗ ಗ್ರಂಥಕ್ಕೆ ಪೂಜೆ ಸಂದ ವಿಷಯವಿದೆ. ಬಂಕಾಪುರ ಎಂಬ ಹೆಸರು ಲೋಕಾದಿತ್ಯನ ತಂದೆ ಬಂಕೆಯನಿಂದ ಬಂದದ್ದು. ಪಶ್ಚಿಮಕ್ಕೆ ಮಲೆನಾಡಿನ ಕಾಡು, ಪೂರ್ವಕ್ಕೆ ಬಯಲು ಎಂಬ ಸ್ಥಾನ ಅದರದು. ಹಳಿಯಾಳದ ನೆರೆಯ ಹಲಸಿಯಲ್ಲಿ ಕದಂಬರು ಅದಕ್ಕೂ ಕೆಲವು ಶತಮಾನಗಳ ಹಿಂದೆಯೇ ಜಿನಾಲಯ ಕಟ್ಟಿಸಿ ದತ್ತಿ ಬಿಟ್ಟಿದ್ದರು. ಅಂದರೆ ಈ ಕಾಡಂಚಿಗೆ ಜೈನಕಥೆ ಹೊರಗಿನಿಂದ ಬಂದ ನೆಂಟನಾಗಿರಲಿಲ್ಲ.

ಉತ್ತರಪುರಾಣದ ಪಾರ್ಶ್ವನಾಥ ಚರಿತೆ ಇಬ್ಬರು ಅಣ್ಣತಮ್ಮಂದಿರ ಕಥೆಯಿಂದ ಆರಂಭವಾಗುತ್ತದೆ. ಪೋದನಪುರದ ಅರವಿಂದರಾಜನ ಆಶ್ರಯದಲ್ಲಿದ್ದ ವಿಶ್ವಭೂತಿಯ ಮಕ್ಕಳು ಕಮಠ ಮತ್ತು ಮರುಭೂತಿ. ಹಿರಿಯ ಕಮಠನು ತಮ್ಮನ ಹೆಂಡತಿಯ ಮೇಲೆ ಕಣ್ಣಿಟ್ಟು, ಕೊನೆಗೆ ತಮ್ಮನನ್ನೇ ಕೊಲ್ಲುತ್ತಾನೆ. ಸಾಯುವ ಗಳಿಗೆಯ ನೋವಿನ ಕಾರಣ ಮರುಭೂತಿ ಮುಂದಿನ ಭವದಲ್ಲಿ ವಜ್ರಘೋಷವೆಂಬ ಆನೆಯಾಗುತ್ತಾನೆ. ಕಮಠನು ಕುಕ್ಕುಟಸರ್ಪವಾಗುತ್ತಾನೆ.

ಕುಕ್ಕುಟವೆಂದರೆ ಕೋಳಿ. ಕೋಳಿಯ ತಲೆ, ಜುಟ್ಟು, ಕೊಕ್ಕು, ಹಾವಿನ ಒಡಲು, ಕೆಲವೆಡೆ ರೆಕ್ಕೆಗಳು. ಯೂರೋಪಿನ ಮಧ್ಯಯುಗದ ಪ್ರಾಣಿಗ್ರಂಥಗಳಲ್ಲಿಯೂ ಕೋಳಿಯ ತಲೆ, ಸರ್ಪದ ಬಾಲಗಳ ಕಾಕಟ್ರಿಸ್ ಎಂಬ ಜೀವಿ ಬರುತ್ತದೆ. ಡ್ರ್ಯಾಗನ್ನಿನ ಬಳಗದ್ದೇ ಅದು, ನೋಟದಿಂದಲೇ ಕೊಲ್ಲುವಂಥದು. ಎರಡಕ್ಕೂ ನೇರ ಸಂಬಂಧ ಕಲ್ಪಿಸುವ ಆತುರ ಬೇಡ. ಹಾವಿನ ಭಯಕ್ಕೆ ಹುಂಜದ ಜಗಳಗಂಟಿತನವನ್ನು ಸೇರಿಸಿದರೆ ದ್ವೇಷದ ಚಿತ್ರ ಪೂರ್ಣವಾಗುತ್ತದೆ ಎಂಬುದು ಎರಡು ಕಡೆಯ ಜನಕ್ಕೂ ಹೊಳೆದಿರಬಹುದು. ಕಾದಾಟದ ಹುಂಜವನ್ನು ಹತ್ತಿರದಿಂದ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆನೆಯಾದ ಮರುಭೂತಿಗೆ, ಮುನಿಯಾಗಿ ಬಂದ ಹಿಂದಿನ ದೊರೆ ಅರವಿಂದನಿಂದ ಜಾತಿಸ್ಮರಣೆಯಾಗುತ್ತದೆ. ಅದು ವ್ರತ ಹಿಡಿಯುತ್ತದೆ. ಬೇರೆ ಆನೆಗಳು ತುಳಿದು ಕದಡಿದ ನೀರನ್ನಷ್ಟೇ ಕುಡಿಯುತ್ತದೆ. ಸೊರಗಿ, ವೇಗವತಿಯ ನೀರಿಗಿಳಿದಾಗ ಕೆಸರಿನಲ್ಲಿ ಹೂತು ಮೇಲೇಳಲಾರದೆ ನಿಂತ ಆನೆಯನ್ನು ಕುಕ್ಕುಟಸರ್ಪವು ಕಚ್ಚಿ ಕೊಲ್ಲುತ್ತದೆ. ಕಾಳಿ ನದಿಯ ಹಿನ್ನೀರನ್ನೂ ಅದರ ದಡದ ಆನೆಯ ಜಾಡನ್ನೂ ಕಂಡ ದಾಂಡೇಲಿ, ಜೋಯಿಡಾದ ಓದುಗರಿಗೆ ಈ ದೃಶ್ಯ ಪುರಾಣವೆನಿಸುವುದಿಲ್ಲ. ಅಲ್ಲಿಂದ ಮುಂದೆ ವೈರವು ಭವದಿಂದ ಭವಕ್ಕೆ ಹಿಂಬಾಲಿಸುತ್ತದೆ. ಮರುಭೂತಿಯ ಜೀವ ಮುನಿಯಾಗಿ ಧ್ಯಾನದಲ್ಲಿದ್ದಾಗ ಕಮಠನ ಜೀವ ಹೆಬ್ಬಾವಾಗಿ ಬಂದು ನುಂಗುತ್ತದೆ. ಇನ್ನೊಮ್ಮೆ ಬೇಡನಾಗಿ, ಮತ್ತೊಮ್ಮೆ ಸಿಂಹವಾಗಿ ಎರಗುತ್ತದೆ. ನಡುನಡುವೆ ಒಬ್ಬನಿಗೆ ಸ್ವರ್ಗ, ಇನ್ನೊಬ್ಬನಿಗೆ ನರಕ. ಕೊನೆಗೆ ಮರುಭೂತಿ ಪಾರ್ಶ್ವನಾಗಿ ಹುಟ್ಟುತ್ತಾನೆ. ಕಮಠನ ಜೀವ ಮೊದಲು ತಾಪಸನಾಗಿ, ಆಮೇಲೆ ಶಂಬರನೆಂಬ ದೇವನಾಗಿ ಎದುರಾಗುತ್ತದೆ. ತಾಪಸನು ಮರದ ದಿಮ್ಮಿಗೆ ಕೊಡಲಿ ಹಾಕಿದಾಗ ಒಳಗಿದ್ದ ನಾಗಮಿಥುನ ತುಂಡಾಗುತ್ತದೆ. ಪಾರ್ಶ್ವಕುಮಾರನ ಮಾತಿನಿಂದ ಶಾಂತವಾಗಿ ಸತ್ತ ಆ ನಾಗಗಳೇ ಧರಣೇಂದ್ರ, ಪದ್ಮಾವತಿಯರು. ಶಂಬರನು ಮಳೆ ಬಿರುಗಾಳಿಗಳನ್ನೆಬ್ಬಿಸಿ ಬಂಡೆಗಳನ್ನು ಎಸೆದಾಗ ಹೆಡೆ ಬಿಚ್ಚಿ ಜಿನನನ್ನು ಕಾಯುವವರು ಅವರು. ಬಾದಾಮಿಯ ನಾಲ್ಕನೆಯ ಗುಹೆಯಲ್ಲೂ ಐಹೊಳೆಯ ಜೈನಗುಹೆಯಲ್ಲೂ ಹೊಂಬುಜದಲ್ಲೂ ಶಿಲ್ಪಿಗಳು ಕಡೆದದ್ದು ಈ ಗಳಿಗೆಯನ್ನೇ.

ಈ ಕಥೆಯ ಕಟ್ಟಡದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ವಿದ್ವಾಂಸರು ಒತ್ತಿ ಹೇಳಿದ್ದು ಕಡಿಮೆ. ಎರಡು ಭವಗಳಲ್ಲಿ ಸ್ವತಃ ಸರ್ಪವಾಗಿದ್ದ ಕಮಠನು ಮನುಷ್ಯನಾದಾಗ ಸರ್ಪಗಳನ್ನು ಕೊಲ್ಲುವವನಾಗುತ್ತಾನೆ. ಅವನು ಕೊಂದ ಸರ್ಪಗಳು ಅವನ ವೈರಿಯ ರಕ್ಷಕರಾಗುತ್ತವೆ. ಸರ್ಪರೂಪವನ್ನು ಪುರಾಣಕಾರನು ಕೇಡಿನ ಪಾಳಯಕ್ಕೆ ಬರೆದುಕೊಟ್ಟಿಲ್ಲ. ರೂಪ ಒಂದೇ, ಅದರೊಳಗಿನ ಭಾವ ಬೇರೆ. ದಿಗಂಬರ ಮೂರ್ತಿಶಿಲ್ಪದಲ್ಲಿ ಪದ್ಮಾವತಿ ಯಕ್ಷಿಯ ವಾಹನ ಯಾವುದೆಂದು ನೋಡಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಅದು ಕುಕ್ಕುಟಸರ್ಪ! ಆನೆಯನ್ನು ಕಚ್ಚಿದ ದ್ವೇಷದ ಆಕಾರವೇ ಕಾಯುವ ದೇವತೆಯನ್ನು ಹೊತ್ತು ನಿಂತಿದೆ. ಸಂತ ಜಾರ್ಜ್ ಈಟಿಯಿಂದ ಡ್ರ್ಯಾಗನ್ನನ್ನು ಚುಚ್ಚುವ ಚಿತ್ರದ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. 'ಗೇಮ್ ಆಫ್ ಥ್ರೋನ್ಸ್'ನ ಡೆನೇರಿಸ್ ಕೂಡ ಡ್ರ್ಯಾಗನ್ನಿನ ಮೇಲೆ ಕೂತವಳೇ, ಆದರೆ ಅವಳ ವಾಹನ ಊರನ್ನು ಸುಡುತ್ತದೆ.

ಕುಕ್ಕುಟಸರ್ಪದ ದಾರಿ ಬಂಕಾಪುರದಲ್ಲಿ ನಿಲ್ಲಲಿಲ್ಲ. ಅದೇ ಬಂಕಾಪುರದಲ್ಲಿ 10ನೆಯ ಶತಮಾನದಲ್ಲಿ ಅಜಿತಸೇನಾಚಾರ್ಯನಿದ್ದ. ಗಂಗದೊರೆ ಮಾರಸಿಂಹನು ಸಲ್ಲೇಖನ ವ್ರತ ತೊಟ್ಟು ದೇಹ ಬಿಟ್ಟದ್ದು ಅಲ್ಲಿ, ಆ ಗುರುವಿನ ಸನ್ನಿಧಿಯಲ್ಲಿ. ರನ್ನನಿಗೂ ಚಾವುಂಡರಾಯನಿಗೂ ಅಜಿತಸೇನನೇ ಗುರು. ಚಾವುಂಡರಾಯನು 978ರಲ್ಲಿ ಜಿನಸೇನ-ಗುಣಭದ್ರರ ಮಹಾಪುರಾಣವನ್ನು ಆಧರಿಸಿ ಕನ್ನಡ ಗದ್ಯದಲ್ಲಿ ಅರುವತ್ತಮೂವರು ಶಲಾಕಾಪುರುಷರ ಕಥೆಯನ್ನು ಬರೆದ. ಕೆಲವೇ ವರ್ಷಗಳಲ್ಲಿ, 981ರ ಹೊತ್ತಿಗೆ, ಶ್ರವಣಬೆಳಗೊಳದ ಗೊಮ್ಮಟ ಎದ್ದುನಿಂತ. ಆ ಮೂರ್ತಿಯ ಬಗ್ಗೆ ಸುಮಾರು 1180ರಲ್ಲಿ ಬೊಪ್ಪಣ ಪಂಡಿತನು ರಚಿಸಿದ ಶಾಸನಕಾವ್ಯದಲ್ಲಿ ಕುಕ್ಕುಟಸರ್ಪ ಮತ್ತೆ ಕಾಣಿಸಿಕೊಳ್ಳುತ್ತದೆ. ಭರತಚಕ್ರಿಯು ಪೌದನಪುರದಲ್ಲಿ 525 ಬಿಲ್ಲು ಎತ್ತರದ ಬಾಹುಬಲಿಯ ಪ್ರತಿಮೆ ಮಾಡಿಸಿದ್ದನಂತೆ. ಕಾಲ ಕಳೆದಂತೆ ಅದರ ಸುತ್ತ ಲೆಕ್ಕವಿಲ್ಲದಷ್ಟು ಕುಕ್ಕುಟಸರ್ಪಗಳು ನೆರೆದವು. ಪ್ರತಿಮೆಗೆ ಕುಕ್ಕುಟೇಶ್ವರನೆಂಬ ಹೆಸರೇ ಬಂತು. ಕೊನೆಗೆ ಸಾಮಾನ್ಯರ ಕಣ್ಣಿಗೆ ಅದು ಮರೆಯಾಯಿತು. ಅದನ್ನು ನೋಡಬೇಕೆಂದು ಹೊರಟ ಚಾವುಂಡರಾಯನಿಗೆ ಆ ಸ್ಥಳ ದೂರದ್ದು, ದುರ್ಗಮವಾದದ್ದು ಎಂದು ಬಲ್ಲವರು ಹೇಳಿದ ಮೇಲೆ ಅವನು ಇಲ್ಲಿಯೇ ಅಂಥ ಮೂರ್ತಿಯನ್ನು ಕಡೆಸಿದ. ಗೊಮ್ಮಟನಿಗೆ ದಕ್ಷಿಣ ಕುಕ್ಕುಟೇಶ್ವರನೆಂಬ ಹೆಸರು ಸಂದದ್ದು ಹೀಗೆ.

ಫ್ಯಾಂಟಸಿ ಓದುವ ಯಾವ ತರುಣನಿಗೂ ಈ ಕಥೆಯ ಹಂದರ ಪರಿಚಿತವೆನಿಸಬೇಕು. ದೂರದ ನಾಡು, ಮಹತ್ತಾದ ವಸ್ತು, ಅದನ್ನು ಸುತ್ತುವರಿದ ಸರ್ಪಗಳು, ಹೊರಟ ವೀರ. ಆದರೆ ವೀರನು ಸರ್ಪಗಳನ್ನು ಗೆದ್ದು ವಸ್ತುವನ್ನು ತರುವುದಿಲ್ಲ. ಬಿಟ್ಟು, ಮನೆಯ ಬಳಿಯ ಬೆಟ್ಟದಲ್ಲೇ ಅದನ್ನು ಕಾಣುತ್ತಾನೆ. ಚಾವುಂಡರಾಯನು ಯುದ್ಧಗಳಲ್ಲಿ ಬಿರುದು ಗಳಿಸಿದ ಸೇನಾಪತಿ ಎಂಬುದನ್ನು ಇಲ್ಲಿ ನೆನೆಯಬೇಕು. ಈಟಿ ಹಿಡಿಯಲು ಬಾರದವನಲ್ಲ ಅವನು.

ಇಂಥ ಪ್ರಾಣಿಗೆ ಕಾಡಿನಲ್ಲಿ ಮಾದರಿಯಿತ್ತೇ ಎಂಬ ಪ್ರಶ್ನೆ ಸಹಜ. ಕಾಳಿ ಕಣಿವೆಯ ಕಾಡುಗಳಲ್ಲಿ ಕಾಳಿಂಗ ಸರ್ಪವಿದೆ. ಜಗತ್ತಿನ ವಿಷಸರ್ಪಗಳಲ್ಲೆಲ್ಲ ಅದೇ ಅತಿ ಉದ್ದನೆಯದು, ಹಕ್ಕಿಯಂತೆ ತರಗೆಲೆ ಗುಡ್ಡೆಮಾಡಿ ಗೂಡುಕಟ್ಟಿ ಮೊಟ್ಟೆ ಕಾಯುವಂಥದು. ಮರದಿಂದ ಮರಕ್ಕೆ ತೇಲುವ ಹಾವೂ ಇದೆ. ಇವುಗಳಿಂದ ಕುಕ್ಕುಟಸರ್ಪ ಹುಟ್ಟಿತೆನ್ನಲು ಆಧಾರವಿಲ್ಲ. ಆದರೆ ಇದೇ ಕಾಡುಗಳಲ್ಲಿ ಪಕ್ಕೆಲುಬಿನ ಚರ್ಮವನ್ನು ಬಿಚ್ಚಿ ತೇಲುವ ಒಂದು ಓತಿ ಇದೆ. ಅದರ ಕುಲಕ್ಕೆ ಲಿನೇಯಸ್ 1758ರಲ್ಲಿ ಕೊಟ್ಟ ಹೆಸರು 'ಡ್ರೇಕೋ', ಲ್ಯಾಟಿನ್ನಿನಲ್ಲಿ ಡ್ರ್ಯಾಗನ್ ಎಂದೇ ಅರ್ಥ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಪ್ರಕಟವಾದಂದಿನಿಂದ ಕನ್ನಡದ ಮೂರು ತಲೆಮಾರಿನ ಓದುಗರು ಬೆನ್ನುಹತ್ತಿದ್ದು ಈ ಹಾರುವ ಓತಿಯನ್ನೇ. ಕನ್ನಡದ ಬಹು ಜನಪ್ರಿಯ ಕಾದಂಬರಿಯೊಂದು ಅಕ್ಷರಶಃ ಡ್ರ್ಯಾಗನ್ನಿನ ಬೇಟೆ. ಅದರ ಕೊನೆಯಲ್ಲಿ ಓತಿ ಸಾಯುವುದಿಲ್ಲ, ಸೆರೆ ಸಿಕ್ಕುವುದೂ ಇಲ್ಲ. ಎಲ್ಲರ ಕಣ್ಣೆದುರಿಗೇ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ತೇಜಸ್ವಿಯವರು ಗುಣಭದ್ರನನ್ನು ನೆನೆದು ಬರೆದರೆಂದು ಯಾರೂ ಹೇಳಲಾರರು. ಆದರೂ ಆ ಮುಕ್ತಾಯವನ್ನು ಕನ್ನಡ ಓದುಗರು ನಿರಾಶರಾಗದೆ ಒಪ್ಪಿದರೆಂಬುದು ಯೋಚಿಸತಕ್ಕ ಸಂಗತಿ.

ಇಷ್ಟೆಲ್ಲ ಇದ್ದೂ ಕುಕ್ಕುಟಸರ್ಪದ ಹೆಸರು ವಿದ್ಯಾರ್ಥಿಗಳಿಗೆ ಅಪರಿಚಿತವಾಗಿರುವುದೇಕೆ? ಕಾರಣ ತರಗತಿಯಲ್ಲಿದೆ. ಜೈನ ಪುರಾಣಕಾವ್ಯಗಳನ್ನು ಆಧುನಿಕ ಕನ್ನಡ ವಿಮರ್ಶೆ ಓದಿದ ರೀತಿಯಲ್ಲಿ ಒಂದು ಆಯ್ಕೆ ನಡೆದಿದೆ. ನೀಲಾಂಜನೆಯ ನೃತ್ಯ, ಭರತ-ಬಾಹುಬಲಿ ಪ್ರಸಂಗಗಳಂಥ ಮಾನವೀಯ ಸನ್ನಿವೇಶಗಳು ಪಠ್ಯಕ್ಕೆ ಬಂದವು. ಭವಾವಳಿ ಮಾತ್ರ ಮತಧರ್ಮದ ಹೊರೆ, ಕಾವ್ಯದ ಓಟಕ್ಕೆ ಅಡ್ಡಿ ಎಂದು ಬದಿಗೆ ಸರಿಯಿತು. 13ನೆಯ ಶತಮಾನದ ಆರಂಭದಲ್ಲಿ ರಟ್ಟರ ಆಸ್ಥಾನದಲ್ಲಿದ್ದ ಪಾರ್ಶ್ವಪಂಡಿತನ 'ಪಾರ್ಶ್ವನಾಥಪುರಾಣ' ಹಳಿಯಾಳಕ್ಕೆ ತೀರ ನೆರೆಯ ಬೆಳಗಾವಿ ಸೀಮೆಯ ಕೃತಿ. ಅದನ್ನು ಪೂರ್ತಿ ಓದಿದ ಸ್ನಾತಕೋತ್ತರ ವಿದ್ಯಾರ್ಥಿಗಳು ಎಷ್ಟು ಮಂದಿ ಸಿಕ್ಕಾರು? ಇಂಗ್ಲಿಷಿನಲ್ಲಿಯೂ ಇಂಥದೇ ಸ್ಥಿತಿಯಿತ್ತು. 'ಬಿಯೊವುಲ್ಫ್' ಕಾವ್ಯವನ್ನು ಇತಿಹಾಸದ ಮಾಹಿತಿಗಾಗಿ ಅಗೆದು, ರಾಕ್ಷಸರನ್ನೂ ಡ್ರ್ಯಾಗನ್ನನ್ನೂ ಬಾಲಿಶವೆಂದು ಬದಿಗಿಟ್ಟ ವಿದ್ವಾಂಸರಿಗೆ 1936ರ ಉಪನ್ಯಾಸದಲ್ಲಿ ಟೋಲ್ಕಿನ್ ಉತ್ತರ ಕೊಟ್ಟ. ಆ ಜೀವಿಗಳು ಕಾವ್ಯದ ಅಂಚಿನಲ್ಲಿಲ್ಲ, ನಡುವಿನಲ್ಲಿವೆ ಎಂಬುದು ಅವನ ವಾದ. ಮರುವರ್ಷವೇ ಸ್ಮಾಗ್ ಇರುವ 'ಹಾಬಿಟ್' ಪ್ರಕಟವಾಯಿತು. ಇಂದಿನ ಫ್ಯಾಂಟಸಿ ಸಾಹಿತ್ಯದ ದೊಡ್ಡ ಪಾಲು ಹಳೆಯ ಕಾವ್ಯವೊಂದನ್ನು ಸರಿಯಾಗಿ ಓದಿದ ಒಬ್ಬ ಅಧ್ಯಾಪಕನ ಋಣದಲ್ಲಿದೆ. ಪಾರ್ಶ್ವನಾಥ ಪುರಾಣಗಳ ವಿಷಯದಲ್ಲಿ ಅಂಥ ಓದು ಇನ್ನೂ ಆಗಬೇಕಾಗಿದೆ. ಕುಕ್ಕುಟಸರ್ಪವನ್ನು ತೆಗೆದರೆ ಅಲ್ಲಿ ಉಳಿಯುವುದು ಉಪದೇಶ ಮಾತ್ರ. ಅದನ್ನು ಇಟ್ಟುಕೊಂಡು ಓದಿದರೆ ದ್ವೇಷವು ಎಷ್ಟು ದೀರ್ಘಾಯುಷಿ ಎಂಬುದರ ಕಥೆ ಕೈಗೆ ಬರುತ್ತದೆ. ಗುಣಭದ್ರನ ಕೃತಿಯಲ್ಲಿ ಕಡೆಗೆ ಶಂಬರನೂ ಶಾಂತನಾಗಿ ಸಮ್ಯಕ್ತ್ವ ಪಡೆಯುತ್ತಾನೆ. ಸರ್ಪವನ್ನು ಕೊಲ್ಲಲು ಒಂದು ಏಟು ಸಾಕು, ಕರಗಿಸಲು ಇಷ್ಟು ಭವಗಳು ಬೇಕಾದವು.

ಕೋಪದ ಸರ್ಪ ಉತ್ತರಪುರಾಣದಲ್ಲಿದ್ದರೆ ಲೋಭದ ಸರ್ಪ ಅದರ ಮೊದಲ ಭಾಗವಾದ ಆದಿಪುರಾಣದಲ್ಲಿದೆ. ಪಂಪನೂ ಕನ್ನಡದಲ್ಲಿ ಜಿನಸೇನನ ಜಾಡನ್ನೇ ಹಿಡಿದು ನಡೆದವನು. ಆದಿನಾಥನು ಹಿಂದೊಂದು ಭವದಲ್ಲಿ ಮಹಾಬಲನೆಂಬ ವಿದ್ಯಾಧರ ರಾಜನಾಗಿದ್ದಾಗ, ಪರಲೋಕವಿಲ್ಲ, ಪುಣ್ಯಪಾಪಗಳಿಲ್ಲ ಎಂದು ವಾದಿಸುವ ಮಂತ್ರಿಗಳ ನಡುವೆ ಸ್ವಯಂಬುದ್ಧನೊಬ್ಬನೇ ಎದ್ದುನಿಂತು ರಾಜನದೇ ವಂಶದ ಹಿರಿಯರ ಕಥೆಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು ದಂಡನೆಂಬ ರಾಜನದು. ಭೋಗದಲ್ಲಿ ಮುಳುಗಿ, ಆಸ್ತಿಯ ಮೇಲಿನ ಆಸೆ ಬಿಡಲಾರದೆ ಸತ್ತ ಅವನು ತನ್ನ ಭಂಡಾರದೊಳಗೇ ಅಜಗರವಾಗಿ ಹುಟ್ಟಿದ. ಮಗ ಮಣಿಮಾಲಿಯನ್ನು ಮಾತ್ರ ಒಳಗೆ ಬಿಡುತ್ತಿದ್ದ, ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಫಾಫ್ನಿರನ ಕಥೆಗೂ ಇದಕ್ಕೂ ಇಷ್ಟರವರೆಗೆ ಕೂದಲೆಳೆಯ ಅಂತರವಿಲ್ಲ. ಕಾಲದಲ್ಲಿ ಮಾತ್ರ, ಬರಹಕ್ಕೆ ಇಳಿದ ಲೆಕ್ಕದಲ್ಲಿ, ಜಿನಸೇನನದು ವೋಲ್ಸುಂಗ ಕಥಾನಕಕ್ಕಿಂತ ಸುಮಾರು ನಾಲ್ಕು ಶತಮಾನ ಹಿಂದಿನದು. ಮುಂದಿನದು ಬೇರೆ. ಭಂಡಾರದಲ್ಲಿರುವುದು ತನ್ನ ತಂದೆಯೆಂದು ಮುನಿಯಿಂದ ತಿಳಿದ ಮಣಿಮಾಲಿ ಕತ್ತಿ ಹಿಡಿದು ಬರಲಿಲ್ಲ. ಹಾವಿನ ಎದುರು ಕುಳಿತು ವಿಷಯಾಸಕ್ತಿಯ ಫಲವೇನೆಂದು ತಿಳಿಹೇಳಿದ. ಅಜಗರವು ಆಹಾರ ಬಿಟ್ಟು, ಶಾಂತವಾಗಿ ಸತ್ತು ದೇವನಾಯಿತು. ಆ ದೇವನು ಮರಳಿ ಬಂದು ಮಗನಿಗೆ ಒಂದು ರತ್ನಹಾರವನ್ನು ಕೊಟ್ಟ. ಸಭೆಯಲ್ಲಿ ಇಷ್ಟನ್ನು ಹೇಳಿ ಮುಗಿಸಿದ ಸ್ವಯಂಬುದ್ಧನು ಆ ಹಾರ ಎಲ್ಲಿದೆಯೆಂದು ತೋರಿಸುತ್ತಾನೆ: ಕೇಳುತ್ತ ಕುಳಿತಿರುವ ಮಹಾಬಲನ ಕೊರಳಿನಲ್ಲಿ.